ಸ್ಥಿತಪ್ರಜ್ಞನ ‘ಸ್ಥಿತಿ’ ಯಾವುದು?

ಶ್ರೀಮದ್ಭಗವದ್ಗೀತೆಯ ದ್ವಿತೀಯಾಧ್ಯಾಯದ ಕಡೆಯಲ್ಲಿರುವ ೧೯ ಶ್ಲೋಕಗಳಿಗೆ (೨.೫೪ರಿಂದ ೨.೭೨ರ ವರೆಗೆ) ಸ್ಥಿತಪ್ರಜ್ಞಪ್ರಕರಣವೆಂಬ ವ್ಯವಹಾರವುಂಟು. ಗಾಂಧೀಜಿಯವರ ಆಶ್ರಮದ ಸಾಯಂಪ್ರಾರ್ಥನೆಯಲ್ಲಿ ಈ ಭಾಗವು ನಿತ್ಯವೂ ಪಠಿತವಾಗುತ್ತಿದ್ದಿತು. ವಿನೋಬಾ ಭಾವೆಯವರು ೧೯೪೪ರಲ್ಲಿ ಸಿವನಿಯ ಸೆರೆಮನೆಯಲ್ಲಿದ್ದಾಗ ಇದೊಂದನ್ನೇ ವಿಷಯವಾಗಿಟ್ಟುಕೊಂಡು ಪ್ರವಚನಮಾಡಿದರು. ಅದು ‘ಸ್ಥಿತಪ್ರಜ್ಞದರ್ಶನ’ವೆಂಬ ಗ್ರಂಥವಾಗಿ ಪ್ರಸಿದ್ಧವಾಗಿದೆ. ಅದಕ್ಕೆ ಬಹುಮುಂಚೆ ಲೋಕಮಾನ್ಯ ತಿಲಕರು ೧೯೧೦–೧೧ರ ಚಳಿಗಾಲದಲ್ಲಿ ಮಂಡಾಲೆಯ ಸೆರೆಯಲ್ಲಿ ‘ಗೀತಾರಹಸ್ಯ’ವನ್ನು ಬರೆದು, ೧೯೧೫ರಲ್ಲಿ ಪ್ರಕಟಿಸಿದ್ದರು. ರಣಭೂಮಿಯಲ್ಲಿ ಹುಟ್ಟಿದ ಉಪದೇಶವು ಕಾರಾಗೃಹಗಳಲ್ಲಿ ವ್ಯಾಖ್ಯಾನವನ್ನು ಪಡೆಯಿತೆಂಬುದು ಗಮನಿಸತಕ್ಕ ಸಂಗತಿ. ಮನುಷ್ಯನಿಗೆ ನೆಲೆತಪ್ಪಿದ ಸ್ಥಳಗಳಲ್ಲಿಯೇ ಈ ಪ್ರಕರಣವು ಮತ್ತೆ ಮತ್ತೆ ನೆನಪಿಗೆ ಬಂದಿದೆ.

ಹೀಗಿದ್ದರೂ, ಪಾಠಶಾಲೆಗಳಲ್ಲಿ ಈ ಭಾಗವನ್ನು ವಿವರಿಸುವ ಕ್ರಮವನ್ನು ನೋಡಿದರೆ ಒಂದು ವಿಪರ್ಯಾಸವು ಕಂಡುಬರುವುದು. ಸ್ಥಿತಪ್ರಜ್ಞನೆಂದರೆ ಅಲುಗಾಡದವನು, ಸುಖದುಃಖಗಳು ತಾಕದವನು, ಗಾಳಿಯಿಲ್ಲದ ಎಡೆಯಲ್ಲಿಟ್ಟ ದೀಪದಂತೆ ಇರತಕ್ಕವನು ಎಂದು ಹೇಳಿ ಮುಗಿಸುವುದು ವಾಡಿಕೆಯಾಗಿದೆ. ಕೇಳಿದ ವಿದ್ಯಾರ್ಥಿಯು, ಇಂಥವನು ಗುಹೆಯಲ್ಲಿರಬಹುದು, ಮನೆಯಲ್ಲಿರಲಾರನು, ಎಂದು ನಿಶ್ಚಯಿಸಿಕೊಂಡು ಮುಂದಿನ ಅಧ್ಯಾಯಕ್ಕೆ ಹೋಗುವನು. ಆದರೆ ಆ ದೀಪದ ಉಪಮಾನವು ದ್ವಿತೀಯಾಧ್ಯಾಯದಲ್ಲಿಲ್ಲ. ಅದು ಆರನೆಯ ಅಧ್ಯಾಯದ ೧೯ನೆಯ ಶ್ಲೋಕದಲ್ಲಿ, ಏಕಾಂತದಲ್ಲಿ ಆಸನಬದ್ಧನಾಗಿ ಧ್ಯಾನಮಾಡುತ್ತಿರುವ ಯೋಗಿಯ ಚಿತ್ತವನ್ನು ಕುರಿತು ಬಂದಿರುವುದು. ಸ್ಥಿತಪ್ರಜ್ಞನಿಗೆ ಭಗವಂತನು ಕೊಟ್ಟ ಉಪಮಾನವೇ ಬೇರೆ. ಈ ಎರಡನ್ನು ಬೆರಸಿದುದರಿಂದ ‘ಸ್ಥಿತಿ’ಯೆಂಬ ಪದದ ಅರ್ಥವೇ ಕದಡಿಹೋಗಿದೆ. ಗೀತೆಯ ಪದಪ್ರಯೋಗಗಳನ್ನೂ ಪೂರ್ವಾಚಾರ್ಯರ ವ್ಯಾಖ್ಯಾನಗಳನ್ನೂ ಅನುಸರಿಸಿ ಈ ಸ್ಥಿತಿಯು ಯಾವುದೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಮೊದಲು ಪ್ರಶ್ನೆಯು ಯಾರದು, ಯಾವಾಗ ಕೇಳಿದುದು ಎಂಬುದನ್ನು ಮರೆಯಬಾರದು. ಪ್ರಥಮಾಧ್ಯಾಯದಲ್ಲಿ ಅರ್ಜುನನು ತನ್ನ ಅವಸ್ಥೆಯನ್ನು ತಾನೇ ಹೇಳಿಕೊಂಡಿರುವನು: ಅವಯವಗಳು ಕುಸಿಯುತ್ತಿವೆ, ಬಾಯಿ ಒಣಗುತ್ತಿದೆ, ಗಾಂಡೀವವು ಕೈಯಿಂದ ಜಾರುತ್ತಿದೆ, ನಿಲ್ಲಲು ಶಕ್ತಿಯಿಲ್ಲ, ಮನಸ್ಸು ಸುತ್ತುತ್ತಿರುವಂತಿದೆ. ನಿಲ್ಲಲಾರೆನೆಂದು ಹೇಳಿದವನೇ ‘ನಿಂತ ಪ್ರಜ್ಞೆಯುಳ್ಳವನು ಹೇಗಿರುವನು?’ ಎಂದು ಕೇಳಿರುವನು. ಇದು ಶಾಸ್ತ್ರಕುತೂಹಲದ ಪ್ರಶ್ನೆಯಲ್ಲ. ಇದಕ್ಕೆ ನಿಮಿತ್ತವಾದುದು ಹಿಂದಿನ ಶ್ಲೋಕ (೨.೫೩). ಅಲ್ಲಿ ‘ಶ್ರುತಿವಿಪ್ರತಿಪನ್ನಾ’ ಎಂಬ ವಿಶೇಷಣವೊಂದುಂಟು: ನಾನಾ ಬಗೆಯಾಗಿ ಕೇಳಿ ಕೇಳಿ ಒಡೆದುಹೋದ ಬುದ್ಧಿ ಎಂದು ಅದರ ತಾತ್ಪರ್ಯ. ಅಂತಹ ಬುದ್ಧಿಯು ಎಂದು ಸಮಾಧಿಯಲ್ಲಿ ನಿಶ್ಚಲವಾಗಿಯೂ ಅಚಲವಾಗಿಯೂ ನಿಲ್ಲುವುದೋ ಅಂದು ಯೋಗವು ಲಭಿಸುವುದೆಂದು ಭಗವಂತನ ಮಾತು. ನಿಶ್ಚಲ, ಅಚಲ ಎಂಬೆರಡು ಪದಗಳು ಒಂದೆಡೆಯಲ್ಲಿಯೇ ಬಂದಿರುವುದರಿಂದ ಪುನರುಕ್ತಿಯೆಂಬ ಶಂಕೆಗೆ ಅವಕಾಶವುಂಟು. ಶ್ರೀಶಂಕರಭಗವತ್ಪಾದರು ಇದನ್ನು ಎರಡೇ ಮಾತುಗಳಲ್ಲಿ ಪರಿಹರಿಸಿರುವರು: ವಿಕ್ಷೇಪವೆಂಬ ಚಲನೆಯಿಲ್ಲದುದು ನಿಶ್ಚಲ, ವಿಕಲ್ಪವಿಲ್ಲದುದು ಅಚಲ. ಒಂದು ಚಿತ್ತದ ಅಲೆದಾಟದ ನಿವೃತ್ತಿ. ಮತ್ತೊಂದು ‘ಹೀಗೋ ಹಾಗೋ’ ಎಂಬ ತೂಗಾಟದ ನಿವೃತ್ತಿ. ಅರ್ಜುನನಿಗಿದ್ದುದು ಎರಡೂ. ಬಹುಶ್ರುತರಾದವರಿಗೆ ಎರಡನೆಯದು ವಿಶೇಷವಾಗಿ ಅಂಟಿಕೊಂಡಿರುವುದೆಂಬುದನ್ನು ಮುಂದೆ ನೋಡಬಹುದು.

‘ಸ್ಥಿತ’ ಶಬ್ದವು ‘ಷ್ಠಾ’ ಧಾತುವಿನಿಂದ ನಿಷ್ಪನ್ನವಾದುದು. ಧಾತುಪಾಠದಲ್ಲಿ ಈ ಧಾತುವಿಗೆ ಗತಿನಿವೃತ್ತಿಯೆಂಬ ಅರ್ಥವನ್ನು ಹೇಳಿದೆ. ಗತಿಯು ನಿಲ್ಲಬೇಕೆಂಬುದೇನೋ ಸರಿ, ಯಾವುದರ ಗತಿ? ‘ಸ್ಥಿತಪ್ರಜ್ಞ’ವೆಂಬುದು ಬಹುವ್ರೀಹಿ. ಯಾರ ಪ್ರಜ್ಞೆಯು ನಿಂತಿರುವುದೋ ಅವನು ಸ್ಥಿತಪ್ರಜ್ಞನು. ಇಲ್ಲಿ ನಿಂತಿರುವುದು ಪ್ರಜ್ಞೆಯೇ ಹೊರತು ಪುರುಷನಲ್ಲ. ಅವನ ಕಾಲು, ಕೈ, ನಾಲಗೆ, ಕಣ್ಣು ಯಾವುದೂ ನಿಂತಿತೆಂದು ಸಮಾಸವು ಹೇಳುವುದಿಲ್ಲ. ಅರ್ಜುನನ ಪ್ರಶ್ನೆಯ ಉತ್ತರಾರ್ಧದಲ್ಲಿಯೇ ಇದಕ್ಕೆ ಸಾಕ್ಷಿಯುಂಟು. ಅಂಥವನು ಹೇಗೆ ಮಾತನಾಡುವನು, ಹೇಗೆ ಕುಳಿತಿರುವನು, ಹೇಗೆ ನಡೆದಾಡುವನು ಎಂದು ಅವನು ಕೇಳಿರುವನು. ಸ್ಥಿತಪ್ರಜ್ಞನು ನಡೆದಾಡುವನೆಂಬುದು ಪ್ರಶ್ನೆಯಲ್ಲಿಯೇ ಅಂಗೀಕೃತವಾಗಿದೆ. ತಿಳಿಯಬೇಕಾದುದು ನಡೆಯುವ ಬಗೆ ಮಾತ್ರ.

ಪ್ರಶ್ನೆಯ ಪೂರ್ವಾರ್ಧದಲ್ಲಿರುವ ‘ಭಾಷಾ’ ಶಬ್ದದ ವಿಷಯದಲ್ಲಿ ವ್ಯಾಖ್ಯಾತೃಗಳು ಸ್ವಾರಸ್ಯವಾದ ವಿಚಾರಮಾಡಿದ್ದಾರೆ. ಉತ್ತರಾರ್ಧದಲ್ಲಿ ಮಾತನಾಡುವುದನ್ನು ಬೇರೆಯಾಗಿ ಕೇಳಿರುವುದರಿಂದ ಇಲ್ಲಿ ಭಾಷೆಯೆಂದರೆ ಅವನಾಡುವ ಮಾತೆಂದು ಹೇಳಲಾಗದು. ಇತರರು ಅವನನ್ನು ಯಾವ ಮಾತಿನಿಂದ ಹೇಳುವರು ಎಂದು ಶಂಕರರು. ಅವನನ್ನು ಹೇಳತಕ್ಕ ಶಬ್ದವಾವುದು, ಎಂದರೆ ಅವನ ಸ್ವರೂಪವೆಂಥದು ಎಂದು ರಾಮಾನುಜರು. ಯಾವುದರಿಂದ ಅವನು ಹೇಳಲ್ಪಡುವನೋ ಅದು ಭಾಷೆ, ಅಂದರೆ ಲಕ್ಷಣ ಎಂದು ಆನಂದತೀರ್ಥರು. ಮೂವರೂ ಬೇರೆ ಬೇರೆ ದಾರಿಯಿಂದ ಬಂದು ಲಕ್ಷಣವೆಂಬ ಅರ್ಥವನ್ನೇ ಸೇರಿರುವರು. ಸಿದ್ಧಾಂತದಲ್ಲಿ ಇಷ್ಟು ದೂರವಿರುವ ಮೂವರು ಒಂದು ಪದದಲ್ಲಿ ಕೂಡಿದರೆ ಆ ಅರ್ಥವನ್ನು ನಿಶ್ಚಿತವೆಂದೇ ತಿಳಿಯಬಹುದು.

ಮಧುಸೂದನ ಸರಸ್ವತಿಗಳು ‘ಗೂಢಾರ್ಥದೀಪಿಕೆ’ಯಲ್ಲಿ ಈ ಪ್ರಶ್ನೆಯನ್ನು ಇನ್ನೂ ನಯವಾಗಿ ಬಿಡಿಸಿರುವರು. ಸ್ಥಿತಪ್ರಜ್ಞನಿಗೆ ಅವಸ್ಥೆಗಳೆರಡು: ಸಮಾಧಿಯಲ್ಲಿರುವುದು ಒಂದು, ಅದರಿಂದ ಎದ್ದು ವ್ಯವಹಾರದಲ್ಲಿರುವುದು ಇನ್ನೊಂದು. ಮೊದಲನೆಯ ಪ್ರಶ್ನೆಯು ಸಮಾಧಿಸ್ಥನನ್ನು ಕುರಿತದ್ದು. ಮಿಕ್ಕ ಮೂರೂ ಎದ್ದವನನ್ನು ಕುರಿತವು. ಉತ್ತರದಲ್ಲಿಯೂ ಇದೇ ವಿಭಾಗವುಂಟು. ೫೫ನೆಯ ಶ್ಲೋಕವೊಂದೇ ಮೊದಲ ಪ್ರಶ್ನೆಗೆ ಉತ್ತರ. ಮಾತಿನ ಬಗೆಗೆ ೫೬, ೫೭; ಕುಳಿತಿರುವುದಕ್ಕೆ ೫೮ರಿಂದ ಆರು; ನಡೆದಾಡುವುದಕ್ಕೆ ೬೪ರಿಂದ ಎಂಟು. ಈ ವಿಭಾಗವು ವ್ಯಾಖ್ಯಾತೃವಿನ ಕಲ್ಪನೆಯಷ್ಟೇ ಅಲ್ಲವೆನ್ನುವುದಕ್ಕೆ ಮೂಲದಲ್ಲಿಯೇ ಆಧಾರವುಂಟು. ೬೪ನೆಯ ಶ್ಲೋಕದಲ್ಲಿ ‘ಚರನ್’, ೭೧ನೆಯದರಲ್ಲಿ ‘ಚರತಿ’ ಎಂದು ಒಂದೇ ಧಾತುವು ಆದಿಯಲ್ಲಿಯೂ ಅಂತ್ಯದಲ್ಲಿಯೂ ನಿಂತು ಈ ಎಂಟು ಶ್ಲೋಕಗಳನ್ನು ಒಂದು ಕಟ್ಟಾಗಿ ಮಾಡಿವೆ. ನಡುವೆ ೬೭ರಲ್ಲಿ ‘ಚರತಾಮ್’ ಎಂದು ಅದೇ ಧಾತುವು ಮತ್ತೊಮ್ಮೆ ಬಂದಿದೆ. ಆದರೆ ಅಲ್ಲಿ ಚರಿಸುವವು ಇಂದ್ರಿಯಗಳು, ಅವುಗಳ ಬೆನ್ನುಹತ್ತುವುದು ಮನಸ್ಸು. ಗಾಳಿಗೆ ಸಿಕ್ಕಿದ ದೋಣಿಯ ಉಪಮಾನವು ಬರುವುದು ಅಲ್ಲಿಯೇ. ನೀರಿನ ಮೇಲೆ ಸಾಗುವುದು ದೋಣಿಯ ದೋಷವಲ್ಲ; ಸಾಗುವುದಕ್ಕಾಗಿಯೇ ಅದನ್ನು ಮಾಡಿದೆ. ತಾನು ಹೋಗಬೇಕಾದ ಕಡೆಗೆ ಹೋಗದೆ ಗಾಳಿಯು ಒಯ್ದ ಕಡೆಗೆ ಹೋಗುವುದು ದೋಷ. ೬೪ರಲ್ಲಿ ಚರಿಸುವವನು ಪುರುಷನು, ಇಂದ್ರಿಯಗಳು ಅವನ ಸಾಧನಗಳು. ೬೭ರಲ್ಲಿ ಚರಿಸುವವು ಇಂದ್ರಿಯಗಳೇ, ಪುರುಷನು ಒಯ್ಯಲ್ಪಡುವವನು. ಕರ್ತೃಪದವೊಂದರ ವ್ಯತ್ಯಾಸದಿಂದ ಗೀತೆಯು ಇಡೀ ವಿಷಯವನ್ನು ತೋರಿಸಿಬಿಟ್ಟಿದೆ.

ಪ್ರಕರಣದಲ್ಲಿ ಉಪಮಾನಗಳು ಕೆಲವೇ. ೫೮ರಲ್ಲಿ ಆಮೆಯುಂಟು, ಅದು ಕುಳಿತಿರುವ ಬಗೆಗೆ ಸಂಬಂಧಿಸಿದ್ದು. ಆಮೆಯು ಅಂಗಗಳನ್ನು ಒಳಕ್ಕೆ ಎಳೆದುಕೊಳ್ಳುವುದು ಮಾತ್ರವಲ್ಲ, ಮತ್ತೆ ಹೊರಕ್ಕೆ ಚಾಚುವುದೂ ಉಂಟಷ್ಟೆ. ೬೯ರ ಹಗಲು-ಇರುಳುಗಳ ಮಾತು ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮುಖ್ಯವಾದುದು ೭೦ನೆಯ ಶ್ಲೋಕದ ಸಮುದ್ರ.

ಈ ಶ್ಲೋಕದಲ್ಲಿ ಸಮುದ್ರಕ್ಕೆ ‘ಆಪೂರ್ಯಮಾಣ’, ‘ಅಚಲಪ್ರತಿಷ್ಠ’ ಎಂಬ ಎರಡು ವಿಶೇಷಣಗಳಿವೆ. ಮೊದಲನೆಯದರಲ್ಲಿರುವುದು ಶಾನಚ್ ಪ್ರತ್ಯಯ. ಅದು ನಡೆಯುತ್ತಿರುವ, ಇನ್ನೂ ಮುಗಿಯದ ಕ್ರಿಯೆಯನ್ನು ಹೇಳುವುದು. ‘ಪೂರ್ಣ’ವೆಂದು ಹೇಳಿದ್ದರೆ ತುಂಬಿ ಮುಗಿದ ಸಮುದ್ರವೆಂದಾಗುತ್ತಿತ್ತು, ಆಮೇಲೆ ಅದು ಅಲುಗದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಹೇಳಿರುವುದು ಎಲ್ಲ ಕಡೆಗಳಿಂದಲೂ ತುಂಬಲ್ಪಡುತ್ತಲೇ ಇರುವ ಸಮುದ್ರವನ್ನು. ತುಂಬುವುದೂ ನೆಲೆಯಲ್ಲಿರುವುದೂ ಏಕಕಾಲದಲ್ಲಿ ನಡೆಯುತ್ತವೆ. ಒಂದು ನಿಂತಮೇಲೆ ಮತ್ತೊಂದು ಬರುವುದಲ್ಲ. ಇನ್ನೊಂದು ಅಂಶವೂ ಇದೆ. ಒಳಹೊಗುವ ಕ್ರಿಯೆಗೆ ಉಪಮಾನಪಕ್ಷದಲ್ಲಿ ನೀರು ಕರ್ತೃ, ಉಪಮೇಯಪಕ್ಷದಲ್ಲಿ ಕಾಮಗಳು ಕರ್ತೃ. ಸಮುದ್ರವು ನದಿಗಳನ್ನು ಕರೆಯಲಿಲ್ಲ, ತಡೆಯಲೂ ಇಲ್ಲ. ಪುರುಷನು ಕರ್ತೃವಾಗುವುದು ಒಂದೇ ಕ್ರಿಯಾಪದಕ್ಕೆ, ಶಾಂತಿಯನ್ನು ಪಡೆಯುವನೆಂಬಲ್ಲಿ. ಬರುವುವುಗಳ ವಿಷಯದಲ್ಲಿ ಅವನ ಕರ್ತೃತ್ವವಿಲ್ಲ. ಅವು ಬಂದಾಗ ತಾನು ಏನಾಗುವನೆಂಬುದರಲ್ಲಿ ಉಂಟು.

ಇಲ್ಲಿ ಒಂದು ಪೂರ್ವಪಕ್ಷವು ಸಹಜವಾಗಿ ಏಳುವುದು. ೫೫ನೆಯ ಶ್ಲೋಕದಲ್ಲಿ ಸ್ಥಿತಪ್ರಜ್ಞನು ಸರ್ವಕಾಮಗಳನ್ನೂ ಬಿಡುವನೆಂದು ಹೇಳಿ, ೭೦ರಲ್ಲಿ ಸರ್ವಕಾಮಗಳೂ ಅವನನ್ನು ಹೊಗುವುವೆಂದರೆ ವಿರೋಧವಲ್ಲವೆ? ರಾಮಾನುಜರ ಮತದಲ್ಲಿ ವಿರೋಧವೇ ಇಲ್ಲ; ಏಕೆಂದರೆ ೭೦ರ ಕಾಮಗಳೆಂದರೆ ಶಬ್ದಾದಿ ವಿಷಯಗಳು. ಅವು ಇಂದ್ರಿಯಗಳಿಗೆ ಗೋಚರವಾದರೂ ಆಗದಿದ್ದರೂ, ಆತ್ಮಾವಲೋಕನದಿಂದಲೇ ತೃಪ್ತನಾದವನು ವಿಕಾರವನ್ನು ಹೊಂದುವುದಿಲ್ಲ. ಶಂಕರರಾದರೋ ಕಾಮಗಳೆಂದರೆ ಇಚ್ಛಾವಿಶೇಷಗಳೆಂದೇ ಅರ್ಥಮಾಡಿ, ಅವು ಅವನಲ್ಲಿ ಬಂದು ಲಯವಾಗುವುವಲ್ಲದೆ ಅವನನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುವುದಿಲ್ಲವೆಂದು ಹೇಳಿರುವರು. ಶಂಕರರ ಅರ್ಥವು ಹೆಚ್ಚು ಧೈರ್ಯದ್ದೆನ್ನಬೇಕು. ವಿಷಯಗಳು ಮಾತ್ರವಲ್ಲ, ಇಚ್ಛೆಯೂ ತಲೆದೋರಬಹುದು. ತಲೆದೋರಿದ ಮಾತ್ರಕ್ಕೆ ಸ್ಥಿತಿಯು ಕೆಟ್ಟಿತೆಂದಲ್ಲ ಎಂಬ ತಾತ್ಪರ್ಯವು ಅದರಿಂದ ಹೊರಡುವುದು. ೫೫ರಲ್ಲಿ ‘ಮನೋಗತ’ವೆಂಬ ವಿಶೇಷಣವಿರುವುದನ್ನೂ ಇದರೊಡನೆ ಜೋಡಿಸಿ ನೋಡಬೇಕು. ಮನೆಮಾಡಿಕೊಂಡ ಕಾಮಗಳನ್ನು ಬಿಡುವುದು ಬೇರೆ. ಹೊಸತಾಗಿ ಬಂದುದು ಮನೆಮಾಡದಂತಿರುವುದು ಬೇರೆ.

ಆನಂದತೀರ್ಥರು ಇದೇ ಶ್ಲೋಕದ ಭಾಷ್ಯದಲ್ಲಿ ಮೂರು ಅಂಶಗಳನ್ನು ಬಿಡಿಸಿರುವರು: ವಿಷಯಗಳು ಬಂದು ತುಂಬಿದರೂ ಉಕ್ಕದಿರುವುದು, ಅವುಗಳಿಗಾಗಿ ಪ್ರಯತ್ನಪಡದಿರುವುದು, ಅವು ಇಲ್ಲವಾದಾಗ ಒಣಗದಿರುವುದು. ಲಾಭದಲ್ಲಿ ನಿಲ್ಲುವುದನ್ನು ಅನೇಕರು ಹೇಳುವರು. ಅಭಾವದಲ್ಲಿ ಒಣಗದಿರುವುದನ್ನು ಹೀಗೆ ಎತ್ತಿಹೇಳಿರುವುದು ಈ ಭಾಷ್ಯದ ವಿಶೇಷ. ಉಡುಪಿಗೆ ಹತ್ತಿರದ ಪಾಜಕದಲ್ಲಿ ಹುಟ್ಟಿ, ಪಡುಗಡಲ ತೀರದಲ್ಲಿ ಬಾಳಿದ ಆಚಾರ್ಯರಿಗೆ ಈ ದೃಷ್ಟಾಂತವು ಪುಸ್ತಕದಿಂದ ಬಂದುದು ಮಾತ್ರವಾಗಿರಲಾರದೆಂದು ಊಹಿಸಿದರೆ ತಪ್ಪಾಗದು. ಉಡುಪಿಯ ಬಡಗಲಲ್ಲಿ ಸೀತಾ, ಸುವರ್ಣಾ ನದಿಗಳು ಒಂದೆಡೆಯಲ್ಲಿ ಕಡಲನ್ನು ಸೇರುತ್ತವೆ. ಆಷಾಢ ಶ್ರಾವಣಗಳಲ್ಲಿ ಅಳಿವೆಯ ಬಳಿ ನಿಂತು ನೋಡಿದವರಿಗೆ ಗೊತ್ತು: ಘಟ್ಟದಿಂದಿಳಿದ ಕೆಂಪುನೀರು ಮರಗಿಡಗಳನ್ನು ಹೊತ್ತು ತಂದು ಕಡಲಿಗೆ ನುಗ್ಗುವುದು, ಅಳಿವೆಯ ಬಾಯಲ್ಲಿ ಕಡಲಿನ ಬಣ್ಣವೇ ಬದಲಾಗುವುದು, ತೆರೆಗಳು ಆಳೆತ್ತರ ಏಳುವುವು. ಆದರೆ ಈ ಹೊಳೆಗಳು ಬಂದುವೆಂದು ಕಡಲು ದಡವನ್ನು ಮೀರಿತೆಂಬುದಿಲ್ಲ. ಚೈತ್ರ ವೈಶಾಖಗಳಲ್ಲಿ ಅದೇ ಹೊಳೆಗಳು ಸೊರಗಿದಾಗ ಕಡಲು ಬತ್ತಿತೆಂಬುದೂ ಇಲ್ಲ. ಗೀತೆಯ ಉಪಮಾನವು ಹೇಳುವ ಅಚಲತೆಯು ಇಂಥದು. ತೆರೆಯಿಲ್ಲದ ಕಡಲನ್ನು ಯಾರೂ ಕಂಡಿಲ್ಲ. ಭಗವಂತನೂ ಅದನ್ನು ಉದಾಹರಿಸಲಿಲ್ಲ. ದೀಪಕ್ಕೆ ಗಾಳಿಯಿಲ್ಲದ ಎಡೆಯು ಬೇಕು. ಕಡಲಿಗೆ ಹೊಳೆಯಿಲ್ಲದ ಎಡೆಯು ಬೇಕಾಗಿಲ್ಲ. ದೀಪವು ಅಭ್ಯಾಸಕಾಲದ ಉಪಮಾನ, ಕಡಲು ಬಾಳಿನ ನಡುವೆ ನಡೆದಾಡುವವನ ಉಪಮಾನ.

೫೬ನೆಯ ಶ್ಲೋಕವನ್ನೂ ಈ ಬೆಳಕಿನಲ್ಲಿಯೇ ಓದಬೇಕು. ಅಲ್ಲಿ ‘ದುಃಖೇಷು’ ಎಂದು ಬಹುವಚನದ ಸಪ್ತಮಿಯುಂಟು. ದುಃಖಗಳು ಬರುವುವೆಂಬುದು ಸಿದ್ಧವಾದ ಮಾತು. ಅವುಗಳಲ್ಲಿ ಉದ್ವೇಗಗೊಳ್ಳದ ಮನಸ್ಸು ಸಾಧಿಸತಕ್ಕದ್ದು. ಅಧ್ಯಾಯದ ಆರಂಭದಲ್ಲಿಯೇ (೨.೧೪) ಶೀತೋಷ್ಣಸುಖದುಃಖಗಳನ್ನು ಬಂದುಹೋಗುವ ಸ್ವಭಾವದವೆಂದು ಹೇಳಿ, ಅವನ್ನು ಸಹಿಸೆಂದು ವಿಧಿಸಿದೆಯೇ ಹೊರತು ಅವು ಇಲ್ಲವೆಂದು ಹೇಳಿಲ್ಲ. ಕಲ್ಲಿಗೆ ಸಹನೆಯೆಂಬ ಗುಣವನ್ನು ಯಾರೂ ಆರೋಪಿಸುವುದಿಲ್ಲ. ನೋವು ತಿಳಿಯುವವನಿಗೇ ಆ ಪದವು ಒಪ್ಪುವುದು.

ಈ ಸ್ಥಿತಿಯು ಒಮ್ಮೆ ಬಂದಮೇಲೆ ತಾನಾಗಿಯೇ ಇರುವುದೋ, ಅಥವಾ ಜಾರಬಹುದೋ? ಇದು ಈ ವಿಚಾರದಲ್ಲಿ ಅತ್ಯಂತ ಕಠಿನವಾದ ಭಾಗ. ಬಹುಜನರು ಬಿಟ್ಟುಬಿಡುವ ಭಾಗವೂ ಅಹುದು. ಗೀತೆಯಲ್ಲಿ ಇದಕ್ಕೆ ಕೀಲಿಕೈಯಾದ ಪದವು ‘ಸ್ಮೃತಿ’. ೬೨, ೬೩ನೆಯ ಶ್ಲೋಕಗಳಲ್ಲಿ ಪತನದ ಮೆಟ್ಟಿಲುಗಳನ್ನು ಹೇಳಿದೆ: ವಿಷಯಗಳ ಧ್ಯಾನದಿಂದ ಸಂಗ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಕ್ರೋಧದಿಂದ ಸಮ್ಮೋಹ, ಸಮ್ಮೋಹದಿಂದ ಸ್ಮೃತಿವಿಭ್ರಮ, ಅದರಿಂದ ಬುದ್ಧಿನಾಶ. ಇಲ್ಲಿ ಸ್ಮೃತಿಯೆಂದರೆ ಶಾಸ್ತ್ರಾಚಾರ್ಯರ ಉಪದೇಶದಿಂದ ಉಂಟಾದ ಸಂಸ್ಕಾರದಿಂದ ಹುಟ್ಟುವ ನೆನಪೆಂದು ಶಂಕರರು. ಇಂದ್ರಿಯಜಯವೇ ಮೊದಲಾದುವುಗಳಲ್ಲಿ ತಾನು ಆರಂಭಿಸಿದ ಪ್ರಯತ್ನದ ನೆನಪೆಂದು ರಾಮಾನುಜರು. ಒಬ್ಬರು ಕೇಳಿದುದರ ನೆನಪನ್ನು ಹೇಳಿದರೆ ಮತ್ತೊಬ್ಬರು ಕೈಕೊಂಡುದರ ನೆನಪನ್ನು ಹೇಳಿದರು. ಕೋಪಗೊಂಡವನು ಮೊದಲು ಕಳೆದುಕೊಳ್ಳುವುದು ಈ ಎರಡನ್ನೇ.

ಗೀತೆಯ ಕಡೆಗೆ ಬಂದರೆ, ೧೮ನೆಯ ಅಧ್ಯಾಯದ ೭೨ನೆಯ ಶ್ಲೋಕದಲ್ಲಿ ಭಗವಂತನು, ಏಕಾಗ್ರವಾದ ಚಿತ್ತದಿಂದ ಕೇಳಿದೆಯಾ, ಅಜ್ಞಾನದಿಂದಾದ ನಿನ್ನ ಸಮ್ಮೋಹವು ನಷ್ಟವಾಯಿತೆ, ಎಂದು ಕೇಳುವನು. ಅರ್ಜುನನು, ಮೋಹವು ನಷ್ಟವಾಯಿತು, ಸ್ಮೃತಿಯು ದೊರೆಯಿತು, ಸಂದೇಹವಳಿದು ನಿಂತಿದ್ದೇನೆ ಎಂದು ಉತ್ತರಕೊಡುವನು. ನಿಂತಿದ್ದೇನೆಂಬಲ್ಲಿ ಮೂಲದಲ್ಲಿರುವ ಪದವು ‘ಸ್ಥಿತ’ವೇ. ಎರಡನೆಯ ಅಧ್ಯಾಯದಲ್ಲಿ ಸಮ್ಮೋಹದಿಂದ ಸ್ಮೃತಿಯು ಕೆಟ್ಟು ಬುದ್ಧಿಯು ನಷ್ಟವಾಗುವುದೆಂದು ಹೇಳಿದ ಕ್ರಮವೇ ಇಲ್ಲಿ ಹಿಂದುಮುಂದಾಗಿ ಬಂದಿದೆ. ಸಮ್ಮೋಹವು ನಷ್ಟವಾಗಿ, ಸ್ಮೃತಿಯು ಮರಳಿ, ಪುರುಷನು ಸ್ಥಿತನಾಗಿದ್ದಾನೆ. ಗ್ರಂಥದ ಎರಡು ತುದಿಗಳನ್ನು ಕೂಡಿಸುವ ಈ ಪದಸಾಮ್ಯವು ಆಕಸ್ಮಿಕವೆಂದು ತೋರುವುದಿಲ್ಲ.

ಆದರೆ ಮಹಾಭಾರತವು ಅಲ್ಲಿಗೆ ಮುಗಿಯುವುದಿಲ್ಲ. ಯುದ್ಧದ ೧೩ನೆಯ ದಿನ ಅಭಿಮನ್ಯುವು ಹತನಾಗುವನು. ಅಂದು ಸಂಜೆ ಶಿಬಿರಕ್ಕೆ ಮರಳಿದ ಅರ್ಜುನನ ವಿಲಾಪವನ್ನು ದ್ರೋಣಪರ್ವದಲ್ಲಿ ಓದಿದವರು ಮರೆಯಲಾರರು. ಕೃಷ್ಣನು ಶೂರರಿಗೆ ಇದೇ ಗತಿಯೆಂದು ಸಮಾಧಾನ ಹೇಳುವನು. ಅರ್ಜುನನು ಮರುದಿನ ಸೂರ್ಯಾಸ್ತದೊಳಗೆ ಜಯದ್ರಥನನ್ನು ಕೊಲ್ಲುವೆನು, ತಪ್ಪಿದರೆ ಅಗ್ನಿಪ್ರವೇಶಮಾಡುವೆನು ಎಂದು ಪ್ರತಿಜ್ಞೆಮಾಡುವನು. ಮಗನನ್ನು ಕಳೆದುಕೊಂಡ ತಂದೆಯ ಶೋಕವನ್ನು ನಿಂದಿಸುವುದು ಯುಕ್ತವಲ್ಲ. ಮೇಲೆ ಹೇಳಿದಂತೆ, ದುಃಖವು ಬರುವುದೇ ಸ್ಥಿತಿಗೆ ವಿರೋಧವೂ ಅಲ್ಲ. ಆದರೆ ದುಃಖವು ಕ್ರೋಧವಾಗಿ, ಕ್ರೋಧವು ತನ್ನ ಪ್ರಾಣವನ್ನೇ ಪಣವಾಗಿಡುವ ಪ್ರತಿಜ್ಞೆಯಾದಾಗ, ೬೩ನೆಯ ಶ್ಲೋಕದ ಮೆಟ್ಟಿಲುಗಳು ನೆನಪಿಗೆ ಬಾರದಿರುವುದಿಲ್ಲ. ಗೀತೆಯನ್ನು ಕೇಳಿ ಹದಿನೈದು ದಿನಗಳೂ ಆಗಿರಲಿಲ್ಲ.

ಇದಕ್ಕಿಂತಲೂ ಸ್ಪಷ್ಟವಾದ ಪ್ರಮಾಣವು ಆಶ್ವಮೇಧಿಕಪರ್ವದಲ್ಲಿದೆ. ಯುದ್ಧವು ಮುಗಿದು, ರಾಜ್ಯವು ಕೈಸೇರಿ, ಕೃಷ್ಣನು ದ್ವಾರಕೆಗೆ ಹೊರಡುವ ಕಾಲ. ಇಬ್ಬರೂ ಸಭಾಮಂದಿರದಲ್ಲಿ ವಿಹರಿಸುತ್ತಿರುವಾಗ ಅರ್ಜುನನು, ಯುದ್ಧಾರಂಭದಲ್ಲಿ ನೀನು ಹೇಳಿದುದೆಲ್ಲವೂ ನನಗೆ ನಷ್ಟವಾಗಿದೆ, ಮತ್ತೊಮ್ಮೆ ಹೇಳು, ಎಂದು ಬೇಡುವನು. ಅಂದು ನಷ್ಟವಾದುದು ಮೋಹ. ಇಂದು ನಷ್ಟವಾದುದು ಉಪದೇಶ. ಕೃಷ್ಣನಿಗೆ ಇದು ಪ್ರಿಯವಾಗಲಿಲ್ಲ. ನೀನು ಗ್ರಹಿಸಿ ಇಟ್ಟುಕೊಳ್ಳಲಿಲ್ಲವೆಂದು ಆಕ್ಷೇಪಿಸಿ, ಅಂದು ಯೋಗಯುಕ್ತನಾಗಿ ಹೇಳಿದುದನ್ನು ಇಂದು ಹಾಗೆಯೇ ಪೂರ್ತಿಯಾಗಿ ಹೇಳಲು ಶಕ್ಯವಿಲ್ಲವೆನ್ನುವನು. ಅನಂತರ ಪ್ರಾಚೀನವಾದ ಬೇರೊಂದು ಇತಿಹಾಸವನ್ನು ಹೇಳತೊಡಗುವನು. ಇದೇ ಅನುಗೀತೆ. ಕಾಶೀನಾಥ ತ್ರ್ಯಂಬಕ ತೆಲಂಗರು ೧೮೮೨ರಲ್ಲಿ ಗೀತೆಯ ಜತೆಯಲ್ಲಿ ಇದನ್ನೂ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದುದರಿಂದ ಆಧುನಿಕ ವಿದ್ವಾಂಸರಲ್ಲಿ ಇದರ ಪರಿಚಯವುಂಟಾಯಿತು. ಕನ್ನಡದ ಸಾಮಾನ್ಯ ವಾಚಕರಿಗೆ ಇದು ಅಷ್ಟಾಗಿ ತಿಳಿಯದಿರುವುದಕ್ಕೆ ಕಾರಣವೂ ಉಂಟು. ಕುಮಾರವ್ಯಾಸನು ಮೊದಲ ಹತ್ತು ಪರ್ವಗಳನ್ನು ಮಾತ್ರ ಹಾಡಿದನು. ಉಳಿದುವನ್ನು ತಿಮ್ಮಣ್ಣಕವಿಯು ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದನು. ಗಮಕಿಗಳ ನಾಲಗೆಯಲ್ಲಿ ನಿಂತುದು ಕುಮಾರವ್ಯಾಸನ ಭಾಗ.

ಅನುಗೀತೆಯು ಅನಂತರಕಾಲದಲ್ಲಿ ಸೇರಿದ ಭಾಗವೆಂದು ಆಧುನಿಕರಲ್ಲಿ ಅನೇಕರ ಅಭಿಪ್ರಾಯ. ಹಾಗೆಯೇ ಇರಲಿ. ಅದರಿಂದ ಪ್ರಕೃತವಿಚಾರಕ್ಕೆ ಬಾಧಕವೇನೂ ಇಲ್ಲ, ಸಾಧಕವೇ ಹೆಚ್ಚು. ಗೀತೆಯನ್ನು ಓದಿದ ಪ್ರಾಚೀನನೊಬ್ಬನಿಗೆ, ಸಾಕ್ಷಾದ್ಭಗವಂತನ ಬಾಯಿಂದ ಕೇಳಿದವನೂ ಮರೆಯಬಲ್ಲನೆಂದು ತೋರಿತು. ತೋರಿದುದನ್ನು ಮುಚ್ಚಿಡದೆ ಇತಿಹಾಸದಲ್ಲಿಯೇ ಬರೆದಿಟ್ಟನು. ಇದನ್ನು ಗೀತೆಯ ಮಹಿಮೆಗೆ ಕುಂದೆಂದು ತಿಳಿದು ಮೌನವಾಗಿರುವವರುಂಟು. ಅವರ ಸಂಕೋಚವು ಅನಾವಶ್ಯಕ.

ಶಾಸ್ತ್ರದೃಷ್ಟಿಯಿಂದ ಈ ಸಮಸ್ಯೆಯನ್ನು ನೇರವಾಗಿ ಎತ್ತಿಕೊಂಡವರು ೧೪ನೆಯ ಶತಮಾನದಲ್ಲಿ ಶೃಂಗೇರಿಯ ಪೀಠವನ್ನಲಂಕರಿಸಿದ್ದ ವಿದ್ಯಾರಣ್ಯರು. ‘ಜೀವನ್ಮುಕ್ತಿವಿವೇಕ’ದಲ್ಲಿ ಅವರು ಗೀತೆಯ ಈ ಪ್ರಕರಣವನ್ನು ವಿವರಿಸುವಾಗ, ಪ್ರಜ್ಞೆಯೆಂದರೆ ತತ್ತ್ವಜ್ಞಾನ; ಅದು ಸ್ಥಿತ, ಅಸ್ಥಿತ ಎಂದು ಎರಡು ವಿಧ ಎಂದು ವಿಭಾಗಿಸುವರು. ಅನ್ಯಪುರುಷನಲ್ಲಿ ಅನುರಕ್ತಳಾದ ನಾರಿಯು ಮನೆಗೆಲಸದಲ್ಲಿ ತೊಡಗಿದ್ದರೂ ಅವಳ ಬುದ್ಧಿಯು ಅವನನ್ನೇ ನೆನೆಯುತ್ತಿರುವಂತೆ, ವ್ಯವಹಾರದ ನಡುವೆಯೂ ತತ್ತ್ವವನ್ನು ಬಿಡದ ಬುದ್ಧಿಯು ಸ್ಥಿತ. ಉತ್ಪನ್ನವಾಗಿದ್ದರೂ ಏನೋ ನಿಮಿತ್ತದಿಂದ ಮರೆತುಹೋಗುವ ಜ್ಞಾನವು ಅಸ್ಥಿತ. ದೃಷ್ಟಾಂತವು ಯತಿಗಳ ಲೇಖನಿಯಿಂದ ಬಂದುದೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಕೈ ಒಂದು ಕೆಲಸದಲ್ಲಿರುತ್ತ ಮನಸ್ಸು ಬೇರೊಂದರಲ್ಲಿ ನೆಲಸುವುದು ಲೋಕದಲ್ಲಿ ಎಲ್ಲರೂ ಕಂಡ ಸಂಗತಿ. ನೆಲೆಯು ಬದಲಾದರೆ ಸಾಕು, ಶಕ್ತಿಯು ಮೊದಲೇ ಇದೆ ಎಂಬ ಸೂಚನೆಯೂ ಇದರಲ್ಲಿ ಅಡಗಿದೆ. ಅಸ್ಥಿತವಾದುದು ಜ್ಞಾನವೇ ಅಲ್ಲವೆಂದು ವಿದ್ಯಾರಣ್ಯರು ಹೇಳಲಿಲ್ಲ. ತತ್ತ್ವಜ್ಞಾನದ ಜತೆಗೆ ವಾಸನಾಕ್ಷಯ, ಮನೋನಾಶ ಎಂಬ ಇನ್ನೆರಡು ಬೇಕು, ಮೂರನ್ನೂ ಒಟ್ಟಿಗೆ ಅಭ್ಯಾಸಮಾಡಬೇಕು ಎಂದು ಮಾತ್ರ ವಿಧಿಸಿದರು. ಉದಾಹರಣೆಗೆ ಅವರು ತೆಗೆದುಕೊಂಡುದು ಸಾಮಾನ್ಯರನ್ನಲ್ಲ, ಯಾಜ್ಞವಲ್ಕ್ಯರನ್ನು. ಬ್ರಹ್ಮವಿತ್ತಾಗಿದ್ದರೂ ಜನಕನ ಸಭೆಯಲ್ಲಿ ಜಯಾಪೇಕ್ಷೆಯಿಂದ ವಾದಮಾಡಿ, ಶಾಕಲ್ಯನ ತಲೆ ಬೀಳುವಂತೆ ನುಡಿದ ಆ ಮಹರ್ಷಿಗೆ ಚಿತ್ತವಿಶ್ರಾಂತಿಯಿನ್ನೂ ದೊರೆತಿರಲಿಲ್ಲವೆಂದು ಅವರ ನಿರ್ಣಯ.

ಪಂಡಿತರಾದವರು ನಿಂತು ಓದಬೇಕಾದುದು ಅದೇ ಗ್ರಂಥದ ಶಾಸ್ತ್ರವಾಸನೆಯ ಭಾಗವನ್ನು. ಚಿತ್ತವನ್ನು ಕಲಕುವ ವಾಸನೆಗಳಲ್ಲಿ ವಿದ್ಯಾರಣ್ಯರು ಶಾಸ್ತ್ರವನ್ನೂ ಸೇರಿಸಿ, ಅದನ್ನು ಪಾಠವ್ಯಸನ, ಬಹುಶಾಸ್ತ್ರವ್ಯಸನ, ಅನುಷ್ಠಾನವ್ಯಸನ ಎಂದು ಮೂರಾಗಿ ಒಡೆದಿರುವರು. ಮೊದಲನೆಯದಕ್ಕೆ ಉದಾಹರಣೆ ಭರದ್ವಾಜನು: ಮೂ‌ರು ಜನ್ಮದಷ್ಟು ಆಯುಸ್ಸನ್ನು ವೇದಾಧ್ಯಯನದಲ್ಲಿ ಕಳೆದು, ಇನ್ನೂ ಬೇಕೆಂದವನಿಗೆ ಇಂದ್ರನು ಮೂರು ಬೆಟ್ಟಗಳನ್ನು ತೋರಿಸಿ, ಒಂದೊಂದರಿಂದ ಒಂದು ಹಿಡಿಯನ್ನು ತೆಗೆದು, ನೀನು ಓದಿದುದು ಇಷ್ಟೇ ಎಂದ ಕಥೆಯು ತೈತ್ತಿರೀಯಬ್ರಾಹ್ಮಣದಲ್ಲಿದೆ. ಮೂರನೆಯದಕ್ಕೆ ನಿದಾಘನು. ಎರಡನೆಯದಕ್ಕೆ ದುರ್ವಾಸರು: ಪುಸ್ತಕಗಳ ಹೊರೆಯೊಡನೆ ಮಹಾದೇವನ ಸಭೆಗೆ ಬಂದಾಗ ನಾರದರು ಅವರನ್ನು ಹೊರೆಹೊತ್ತ ಕತ್ತೆಗೆ ಹೋಲಿಸಿದರಂತೆ, ಅವರು ಕೋಪದಿಂದ ಪುಸ್ತಕಗಳನ್ನೆಲ್ಲ ಉಪ್ಪುಕಡಲಿಗೆ ಎಸೆದ ಮೇಲೆ ಮಹಾದೇವನು ಆತ್ಮವಿದ್ಯೆಯಲ್ಲಿ ತೊಡಗಿಸಿದನಂತೆ. ವಿಜಯನಗರದ ಕಾಲದ ಮಹಾವಿದ್ವಾಂಸರೊಬ್ಬರು ವಿದ್ವಾಂಸರಿಗಾಗಿ ಬರೆದ ಮಾತಿದು. ೨.೫೩ರ ‘ಶ್ರುತಿವಿಪ್ರತಿಪನ್ನಾ’ ಎಂಬ ವಿಶೇಷಣಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಗೀತಾಭಾಷ್ಯಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ೬೦ನೆಯ ಶ್ಲೋಕದಲ್ಲಿ ಇಂದ್ರಿಯಗಳು ಬಲಾತ್ಕಾರವಾಗಿ ಯಾರ ಮನಸ್ಸನ್ನು ಎಳೆದೊಯ್ಯುವುವೆಂದು ಹೇಳಿದೆಯೋ ಅವನಿಗೆ ‘ವಿಪಶ್ಚಿತ್’ ಎಂಬ ವಿಶೇಷಣವಿದೆ. ವಿಪಶ್ಚಿತ್ತೆಂದರೆ ತಿಳಿದವನು, ಮೂಢನಲ್ಲ.

ಲಕ್ಷಣವನ್ನು ಓದುವ ಕ್ರಮದ ಬಗ್ಗೆ ಆಚಾರ್ಯರಲ್ಲಿ ಇರುವ ಎರಡು ಸೂಚನೆಗಳು ಇಲ್ಲಿ ಉಪಯುಕ್ತವಾಗುವುವು. ಅಧ್ಯಾತ್ಮಶಾಸ್ತ್ರದಲ್ಲಿ ಕೃತಾರ್ಥನಾದವನ ಲಕ್ಷಣಗಳಾವುವೋ ಅವೇ ಸಾಧಕನಿಗೆ ಪ್ರಯತ್ನದಿಂದ ಸಾಧಿಸತಕ್ಕ ಸಾಧನಗಳೆಂದು ಶಂಕರರು ೫೫ರ ಅವತರಣಿಕೆಯಲ್ಲಿ ಹೇಳಿರುವರು. ಹೀಗಾಗಿ ಈ ಪ್ರಕರಣವು ದೂರದಲ್ಲಿರುವ ಒಬ್ಬ ಮಹಾಪುರುಷನ ಚಿತ್ರವಲ್ಲ. ಓದುವವನ ನಿತ್ಯದ ಕೆಲಸದ ಪಟ್ಟಿ. ರಾಮಾನುಜರಾದರೋ ೫೫ರಿಂದ ೫೮ರ ವರೆಗಿನ ನಾಲ್ಕು ಶ್ಲೋಕಗಳನ್ನು ಮೇಲಿನಿಂದ ಕೆಳಕ್ಕಿಳಿಯುವ ನಾಲ್ಕು ದಶೆಗಳಾಗಿ ವಿವರಿಸಿರುವರು: ಮೊದಲು ಜ್ಞಾನನಿಷ್ಠೆಯ ಪರಾಕಾಷ್ಠೆ, ಅನಂತರ ಅದಕ್ಕೆ ಸಮೀಪದ ದಶೆ, ಆಮೇಲೆ ಅದಕ್ಕೂ ಈಚೆಯದು, ಕಡೆಗೆ ಇಂದ್ರಿಯಗಳನ್ನು ಹಿಂದಕ್ಕೆಳೆದುಕೊಳ್ಳುವ ಆಮೆಯ ದಶೆ. ಆರಂಭಿಸುವವನು ಕಡೆಯದರಿಂದ ಹತ್ತಬೇಕು. ಪಾಠ ಹೇಳುವವರು ೫೫ರಲ್ಲಿಯೇ ವಿದ್ಯಾರ್ಥಿಯನ್ನು ಬೆದರಿಸಿ ಬಿಡದೆ, ೫೮ರಿಂದ ಮೊದಲುಮಾಡಿ ಹಿಂದಕ್ಕೆ ಬಂದರೆ ಈ ನಾಲ್ಕರ ಸಂಬಂಧವು ತಾನೇ ತಿಳಿಯುವುದು.

ಪ್ರಕರಣದ ಕಡೆಯ ಶ್ಲೋಕದಲ್ಲಿ ಇದನ್ನು ಬ್ರಾಹ್ಮೀಸ್ಥಿತಿಯೆಂದು ಹೆಸರಿಟ್ಟು, ಅಂತ್ಯಕಾಲದಲ್ಲಿಯಾದರೂ ಇದರಲ್ಲಿ ನಿಂತವನು ಬ್ರಹ್ಮನಿರ್ವಾಣವನ್ನು ಹೊಂದುವನೆಂದು ಹೇಳಿದೆ. ಇಲ್ಲಿರುವ ‘ಅಪಿ’ ಶಬ್ದವು ಸಣ್ಣದಾದರೂ ದೊಡ್ಡ ಭಾರವನ್ನು ಹೊತ್ತಿದೆ. ಬಾಲ್ಯದಿಂದ ನಿಂತವನ ವಿಷಯದಲ್ಲಿ ಹೇಳಬೇಕಾದುದೇನು ಎಂಬ ಕೈಮುತಿಕನ್ಯಾಯವನ್ನು ವ್ಯಾಖ್ಯಾತೃಗಳು ಇಲ್ಲಿ ತೋರಿಸುವರು. ಜಾರಿ ಜಾರಿ ತಡವಾಗಿ ನಿಂತವನಿಗೂ ಬಾಗಿಲು ಮುಚ್ಚಿಲ್ಲವೆಂಬ ಅರ್ಥವೂ ಅದೇ ‘ಅಪಿ’ಯಿಂದ ದೊರೆಯುವುದು. ಅರ್ಜುನನ ಮರೆವನ್ನು ಓದಿದವರಿಗೆ ಈ ಎರಡನೆಯ ಅರ್ಥವೇ ಹೆಚ್ಚು ಹತ್ತಿರವಾದೀತು.

ಅನುಗೀತೆಯಲ್ಲಿ ಕೃಷ್ಣನು ತಾನು ಎತ್ತಿಕೊಂಡ ಮೊದಲ ಇತಿಹಾಸವನ್ನು ಹೇಳಿ ಮುಗಿಸಿದಮೇಲೆ ಅರ್ಜುನನನ್ನು, ಏಕಾಗ್ರವಾದ ಚಿತ್ತದಿಂದ ಇದನ್ನು ಕೇಳಿದೆಯಾ, ಅಂದು ರಥದಲ್ಲಿದ್ದಾಗಲೂ ನೀನು ಕೇಳಿದುದು ಇದನ್ನೇ, ಎಂದು ಪ್ರಶ್ನಿಸುವನು. ೧೮ನೆಯ ಅಧ್ಯಾಯದ ಕಡೆಯಲ್ಲಿ ಕೇಳಿದ ಪ್ರಶ್ನೆಯೇ ಇದು. ಪದಗಳೂ ಬಹುಮಟ್ಟಿಗೆ ಅವೇ. ಗೀತೆಯಲ್ಲಿ ಅರ್ಜುನನು ಒಡನೆಯೇ, ನಿಂತಿದ್ದೇನೆಂದು ಉತ್ತರಕೊಟ್ಟನು. ಇಲ್ಲಿ ಅವನು ಏನನ್ನೂ ಹೇಳುವುದಿಲ್ಲ. ಕೃಷ್ಣನೇ ಮಾತನ್ನು ಮುಂದುವರಿಸುವನು.